ಸಾಲು ಬಿಟ್ಟು ಬಂದ ಗಫಾರ್

ನವೆಂಬರ್ 11, 2024, ಸೋಮವಾರ

ಗಫಾರನಿಗೆ ವಯಸ್ಸಾಗಿಬಿಟ್ಟಿದೆ. ಇವತ್ತು ರಾಮನಗರ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಬೆಂಚಿನಿಂದ ಏಳಲು ನನ್ನ ಭುಜ ಹಿಡಿದುಕೊಂಡ.

"ಸೊಂಟ ಹಿಡ್ಕಂಬುಟ್ಟೈತೆ ಕಣ್ಲಾ. ಮೂವತ್ತು ವರ್ಸ ಆ ಡ್ರೈವರ್ ಸೀಟಲ್ಲಿ ಕುಂತ್ರೆ ಇನ್ನೇನಾಯ್ತದೆ?" ಅಂದ.

"ಸೀಟು ಸರಿಯಾಗೇ ಐತೆ, ಕುಂತೋನೇ ಸರಿಯಿಲ್ಲ" ಅಂದೆ. ಟೀ ಅಂಗಡಿಯವನೂ ನಕ್ಕ.

ಹತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಬಸ್ಸು, ಮಾಗಡಿ ರೂಟು. ಅವನು ಡ್ರೈವರ್, ನಾನು ಕಂಡಕ್ಟರ್. ನಾನು 'ರೈಟ್' ಅಂದರೆ ಹೊರಡುತ್ತಿದ್ದ, 'ಹೋಲ್ಡಾನ್' ಅಂದರೆ ನಿಲ್ಲಿಸುತ್ತಿದ್ದ. ದಾರಿಯ ಕಲ್ಯ ಊರಿನ ಪ್ಯಾಸೆಂಜರುಗಳು ನಮ್ಮನ್ನು ಗಂಡ ಹೆಂಡತಿ ಎಂದೇ ರೇಗಿಸುತ್ತಿದ್ದರು. ಇಬ್ಬರೂ ರಿಟೈರ್ ಆದ ಮೇಲೂ ಬೆಳಗಿನ ಟೀ ಒಟ್ಟಿಗೇ.

ಅರ್ಧ ಗಂಟೆಯಲ್ಲಿ ಮೂರು ಸಲ ಒಂದಕ್ಕೆ ಎದ್ದು ಹೋದ. "ಬತ್ತದೆ ಅನ್ಸತ್ತೆ, ಹೋದ್ರೆ ಬರಲ್ಲ" ಅಂದ. ಈ ವಯಸ್ಸಿನಲ್ಲಿ ಎಲ್ಲರಿಗೂ ಅಷ್ಟೇ ಎಂದೆ. ಅಲ್ಲಿಗೇ ಬಿಟ್ಟೆವು. ಕೂತು ಮಾತಾಡುವ ವಿಷಯವೇ ಅದು?

ಮನೆಯಲ್ಲಿ ಬೋರಮ್ಮ ಹಿದಕಬೇಳೆ ಸಾರು ಮಾಡಿದ್ದಳು. ಎರಡು ಮುದ್ದೆ ಉಂಡೆ.

ನವೆಂಬರ್ 28, ಗುರುವಾರ

ಗಫಾರನ ಮಗಳು ನಿಖಾತ್ ಫೋನ್ ಮಾಡಿದಳು. ಕನಕಪುರದಲ್ಲಿ ಟೀಚರ್ ಆಗಿದ್ದಾಳೆ. "ಮಾಮ, ಅಬ್ಬ ಬಚ್ಚಲಲ್ಲಿ ಬಿದ್ದಿದ್ದಾರೆ, ನೀವು ಒಸಿ ಬೇಗ ಹೋಗಿ, ನಾನು ಬರ್ತಾ ಇದ್ದೀನಿ" ಅಂದಳು.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಮುರಿದಿಲ್ಲ. ಆದರೆ ಎಕ್ಸ್‌ರೇಯಲ್ಲಿ ಸೊಂಟದ ಮೂಳೆಯ ಮೇಲೆ ಬಿಳಿ ಬಿಳಿ ಕಲೆಗಳು. ಡಾಕ್ಟರು ಅದನ್ನೇ ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. ಬೆಂಗಳೂರಿಗೆ ಹೋಗಿ, ಅದಕ್ಕೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಚೀಟಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ.

ಆ ಅಕ್ಷರಗಳು ನನಗೆ ಹೊಸವಲ್ಲ. ಇವತ್ತು ಇಷ್ಟು ಸಾಕು.

ಡಿಸೆಂಬರ್ 6, ಶುಕ್ರವಾರ

ಬೆಂಗಳೂರಿನ ದೊಡ್ಡಾಸ್ಪತ್ರೆ. ಗಫಾರ್, ಅವನ ಹೆಂಡತಿ ರೋಶನ್ ಬೀ, ನಿಖಾತ್, ನಾನು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಗಂಡಸರಿಗೆ ಬರುವ ಆ ರೋಗವೇ ಎಂದರು. ಮೂಳೆಗೆ ಹರಡಿದೆ ಎಂದರು.

ಗಫಾರ್ ಕೇಳಿದ, "ನಂಗೆ ಸೊಂಟ ನೋವು ಸಾ. ಅದುಕ್ಕೂ ಇದುಕ್ಕೂ ಏನ್ ಸಂಬಂಧ?"

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೂತ್ರದ ಚೀಲ, ಅದರ ಕೆಳಗೆ ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ. ಅಲ್ಲಿ ಹುಟ್ಟಿದ್ದು ಸುಮ್ಮನೆ, ಸದ್ದಿಲ್ಲದೆ ಮೂಳೆಗೆ ನಡೆದುಹೋಗಿದೆ. ರೋಶನ್ ಬೀ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿ ಕೂತಿದ್ದರು. ನಿಖಾತ್ ಮಾತ್ರ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಅಪ್ಪನಿಗೆ ಬಂದಿದ್ದರೆ ಅವರ ಅಣ್ಣತಮ್ಮಂದಿರಿಗೂ ಬರುವ ಸಾಧ್ಯತೆ ಹೆಚ್ಚು, ಅವರೂ ನೋಡಿಸಿಕೊಳ್ಳಲಿ ಎಂದು ಡಾಕ್ಟರು ಅವಳಿಗೆ ಹೇಳಿದರು.

ಆಮೇಲೆ ಗಫಾರನ ಕಡೆ ತಿರುಗಿ, "ಐವತ್ತು ದಾಟಿದ ಮೇಲೆ ಯಾವತ್ತಾದರೂ ಈ ರಕ್ತಪರೀಕ್ಷೆ ಮಾಡಿಸಿದ್ದಿರಾ?" ಎಂದು ಕೇಳಿದರು.

"ಡಿಪೋದಲ್ಲಿ ಒಂದ್ಸಲ ಕ್ಯಾಂಪ್ ಮಾಡಿದ್ರು ಸಾ. ಅವತ್ತು ನಂಗೆ ಡ್ಯೂಟಿ ಇತ್ತು."

ನೆಲ ನೋಡಿಕೊಂಡು ಹೇಳಿದ. ನನ್ನ ಕಡೆ ನೋಡಲಿಲ್ಲ.

ಕ್ಯಾಂಪಿನ ಹೊತ್ತಿಗೆ ಅವನಿಗೆ ಡ್ಯೂಟಿ ಇರಲಿಲ್ಲ.

ಡಿಸೆಂಬರ್ 7, ಶನಿವಾರ

ಬೋರಮ್ಮ ಮಾಗಡಿಗೆ ತಂಗಿಯ ಮನೆಗೆ ಹೋಗಿದ್ದಾಳೆ. ಮನೆಯಲ್ಲಿ ಒಬ್ಬನೇ ಇದ್ದೇನೆ. ಬರೆದುಬಿಡುತ್ತೇನೆ.

2022ರ ಆಗಸ್ಟ್. ಐವತ್ತು ದಾಟಿದ ಸಿಬ್ಬಂದಿಗೆ ಡಿಪೋದಲ್ಲಿ ಆರೋಗ್ಯ ಶಿಬಿರ. ನಮ್ಮದು ಬೆಳಗಿನ ಟ್ರಿಪ್ ಮುಗಿದಿತ್ತು. ಸಕ್ಕರೆ, ಬಿಪಿ, ಕಣ್ಣು ಎಲ್ಲದಕ್ಕೂ ಜನ ಮುಗಿಬಿದ್ದಿದ್ದರು. ಮೂಲೆಯ ಒಂದು ಮೇಜಿನ ಮುಂದೆ ಮಾತ್ರ ಯಾರೂ ಇಲ್ಲ. ಅಲ್ಲೊಬ್ಬ ನರ್ಸಮ್ಮ ಕೂತು, "ಗಂಡಸರಿಗೆ ಬರೋ ಕ್ಯಾನ್ಸರ್ ಇದು, ಈಗ ರಕ್ತ ಕೊಡಿ ಸಾಕು, ಮುಂದಿನದು ಡಾಕ್ಟರು ಹೇಳ್ತಾರೆ" ಎಂದು ಕರೆಯುತ್ತಿದ್ದರು. ಕರೆಯುತ್ತಿರುವುದು ಹೆಂಗಸು ಎಂದೇ ಅರ್ಧ ಜನ ಆ ಕಡೆ ತಲೆ ಎತ್ತಲಿಲ್ಲ. ಹೆಸರು ಕೊಟ್ಟರೆ ಒಳಗೆ ಕರೆದು ಬಟ್ಟೆ ಬಿಚ್ಚಿಸಿ ಹಿಂದಿನಿಂದ ಬೆರಳು ಹಾಕಿ ನೋಡುತ್ತಾರೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು.

ಗಫಾರ್ ಹೋದ. ಅವನಿಗೆ ಆಗಲೇ ಏನಾದರೂ ತೊಂದರೆ ಇತ್ತೋ, ಪಾಪ ಒಬ್ಬರೇ ಕೂತಿದ್ದಾರೆ ಎಂದು ಹೋದನೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅವನನ್ನು ನೋಡಿ ಹಿಂದೆ ಇನ್ನೂ ಮೂರು ಜನ ನಿಂತರು. ಅವನು ಹೆಸರು ಬರೆಸುತ್ತಿದ್ದ. ನಾನು ಸಕ್ಕರೆ ಸಾಲಿನಲ್ಲಿದ್ದವನು ಬಸ್ಸಿನಲ್ಲಿ ಕೂಗುವ ದನಿಯಲ್ಲೇ ಕೂಗಿದೆ:

"ಲೇ ಗಫಾರಾ! ಇಷ್ಟ್ ವರ್ಸ ನೀನ್ ಗೇರ್ ಹಾಕ್ದೆ, ಇವತ್ತು ಡಾಕ್ಟ್ರು ನಿಂಗೆ ಹಾಕ್ತಾರೆ ಕಣ್ಲಾ!"

ಇಡೀ ಹಾಲ್ ನಕ್ಕಿತು. ಒಬ್ಬರು ಶಿಳ್ಳೆ ಹೊಡೆದರು. ನರ್ಸಮ್ಮ ತಲೆ ತಗ್ಗಿಸಿದರು. ಗಫಾರನೂ ನಕ್ಕ. ನಗುನಗುತ್ತಲೇ ಸಾಲು ಬಿಟ್ಟು ಬಂದ. ಹಿಂದೆ ನಿಂತಿದ್ದ ಮೂವರೂ ಬಂದರು.

ಇಷ್ಟೇ ಆಗಿದ್ದರೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದಿತ್ತು. ಬಾಯಿ ಹರಿತ, ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು.

ಆದರೆ ನರ್ಸಮ್ಮ ಅವತ್ತು ಹೇಳುತ್ತಿದ್ದ ಲಕ್ಷಣಗಳು, ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುವುದು, ತಡೆದು ತಡೆದು ಬರುವುದು, ಎಲ್ಲ ನನಗೂ ಇದ್ದವು. ಹೆದರಿಕೆಯಾಯಿತು. ಹದಿನೈದು ದಿನ ಬಿಟ್ಟು, ಗುರುತಿನವರು ಯಾರೂ ಇರಬಾರದು ಎಂದು ಕೆಂಗೇರಿಯ ಆಚೆ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ಡಾಕ್ಟರಿಗೂ ತೋರಿಸಿದೆ. ಏನೂ ಇಲ್ಲ, ವಯಸ್ಸಿಗೆ ಗ್ರಂಥಿ ಒಸಿ ದಪ್ಪವಾಗಿದೆ ಎಂದು ಮಾತ್ರೆ ಕೊಟ್ಟರು. ಬೋರಮ್ಮನಿಗೆ ಬಿಪಿ ಮಾತ್ರೆ ಎಂದು ಹೇಳಿದ್ದೇನೆ. ಈಗಲೂ ನುಂಗುತ್ತಿದ್ದೇನೆ.

ಲ್ಯಾಬಿಗೆ ಹೋಗಿ ಬಂದ ದಿನ ಸಂಜೆ ಗಫಾರನ ಪಕ್ಕವೇ ಕೂತು ಟೀ ಕುಡಿದೆ. "ಬೆಳಗಿಂದ ಎಲ್ಲೋಗಿದ್ಲಾ?" ಅಂದ. "ಮದ್ವೆಗೆ" ಅಂದೆ.

ನಾನೂ ಮಾಡಿಸಿದೆ, ಏನೂ ಆಗಲ್ಲ, ನೀನೂ ಮಾಡಿಸು. ಇಷ್ಟು ಹೇಳಲು ನಾಚಿಕೆಯಾಯಿತು. ಐವತ್ತು ಜನರ ಮುಂದೆ ಆ ಹೊಲಸು ಮಾತು ಕೂಗುವಾಗ ಮಾತ್ರ ನಾಚಿಕೆ ಆಗಿರಲಿಲ್ಲ.

ಡಿಸೆಂಬರ್ 18, ಬುಧವಾರ

ಈ ರೋಗಕ್ಕೆ ಗಂಡಸಿನ ಹಾರ್ಮೋನೇ ಊಟವಂತೆ. ಅದನ್ನು ನಿಲ್ಲಿಸಬೇಕು. ಒಂದು ಸಣ್ಣ ಆಪರೇಷನ್ ಮಾಡಿ ಬೀಜ ತೆಗೆಯುವುದು ಒಂದು ದಾರಿ. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವುದು ಇನ್ನೊಂದು. ಗಫಾರ್ ಎರಡಕ್ಕೂ ಒಪ್ಪುತ್ತಿಲ್ಲ. ಒಪ್ಪಿಸಿ ಎಂದು ನಿಖಾತ್ ನನ್ನನ್ನು ಕಳಿಸಿದಳು.

ರೋಶನ್ ಬೀ ಒಳಗೆ ಹೋಗುವವರೆಗೂ ಕಾದು ಗಫಾರ್ ಕೇಳಿದ: "ಎತ್ತಿಗೆ ಮಾಡ್ದಂಗೆ ಮಾಡಿಸ್ಕಂಡು ಬದುಕ್ಬೇಕೇನ್ಲಾ? ಇಂಜೆಕ್ಷನ್ನೂ ಅದೇಯಾ, ಚಾಕು ಇಲ್ಲ ಅಷ್ಟೆ. ಡಿಪೋದಲ್ಲಿ ಗೊತ್ತಾದ್ರೆ ಏನಂತಾರೆ?"

"ಯಾರೇನಂತಾರೆ? ಯಾರೂ ಏನೂ ಅನ್ನಲ್ಲ."

"ಮೊದ್ಲು ನೀನೇ ಅಂತೀಯ" ಅಂದು ನಕ್ಕ.



ಜನವರಿ 14, 2025, ಮಂಗಳವಾರ

ಸಂಕ್ರಾಂತಿ. ಬೋರಮ್ಮ ಗಫಾರನ ಮನೆಗೆ ಎಳ್ಳುಬೆಲ್ಲ ಕೊಟ್ಟು ಬಂದಳು. ನಾನು ಹೋಗಲಿಲ್ಲ.

ಜನವರಿ 20, ಸೋಮವಾರ

ಗಫಾರ್ ಇಂಜೆಕ್ಷನ್ನಿಗೆ ಒಪ್ಪಿದ್ದಾನೆ. ಒಪ್ಪಿಸಿದ್ದು ನಾನಲ್ಲ, ರೋಶನ್ ಬೀ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನ ಮುಂದೆ ದನಿ ಎತ್ತಿದರಂತೆ. "ನಂಗೆ ನೀವು ಬೇಕು. ಅದೆಲ್ಲ ಯಾರಿಗೆ ಬೇಕಾಗಿದೆ?" ಅಂದರಂತೆ. ನಿಖಾತ್ ಫೋನಿನಲ್ಲಿ ಹೇಳುತ್ತಾ ಅತ್ತಳು.

ಅವನು ಒಪ್ಪುವಷ್ಟರಲ್ಲಿ ಒಂದು ತಿಂಗಳ ಮೇಲೆ ಸುಮ್ಮನೆ ಹೋಯಿತು.

ಮಾರ್ಚ್ 31, ಸೋಮವಾರ

ರಂಜಾನ್ ಹಬ್ಬ. ಬೋರಮ್ಮನನ್ನೂ ಕರೆದುಕೊಂಡು ಗಫಾರನ ಮನೆಗೆ ಹೋಗಿದ್ದೆ. ನೋವು ಇಳಿದಿದೆ. ಬಿಳಿ ಜುಬ್ಬಾ ಹಾಕಿಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದ. ಅಷ್ಟು ಬಿಸಿಲಿಲ್ಲದಿದ್ದರೂ ಕುತ್ತಿಗೆ ತುಂಬ ಬೆವರು.

"ಈ ಇಂಜೆಕ್ಷನ್ ಮಾಡ್ದಾಗಿಂದ ಇದ್ದಕ್ಕಿದ್ದಂಗೆ ಮೈಯೆಲ್ಲ ಕಾವು ಏರ್ತದೆ. ಒಸಿ ಹೊತ್ಗೆ ತಣ್ಣಗಾಯ್ತದೆ. ಏನ್ ಕರ್ಮವೋ" ಅಂದ.

ಬೋರಮ್ಮ ಪಟ್ಟನೆ, "ನಂಗೂ ಹಂಗೇ ಆಗ್ತಿತ್ತು ಗಫಾರಣ್ಣ, ಮುಟ್ಟು ನಿಲ್ಲೋ ಟೇಮಲ್ಲಿ. ಮೂರು ವರ್ಸ. ಎದೆಯಿಂದ ಮುಖಕ್ಕೆ ಬೆಂಕಿ ಬಂದಂಗೆ, ಅಲ್ವಾ?" ಅಂದಳು.

"ಅದೇ ತಾಯಿ, ಅದೇಯಾ! ಹೆಂಗಸ್ರು ಇದ್ನ ಹೆಂಗ್ ತಡ್ಕಂತೀರಿ?"

ಒಳಗಿಂದ ರೋಶನ್ ಬೀ ಬಂದರು. ಮೂವರೂ ಸೇರಿಕೊಂಡು ಮಾತಾಡಿದ್ದೇ ಮಾತಾಡಿದ್ದು. ರೋಶನ್ ಬೀ ವರ್ಷಗಟ್ಟಲೆ ರೇಷ್ಮೆ ನೂಲು ತೆಗೆಯುವ ಬಿಸಿನೀರಿನ ಮುಂದೆ ಕೂತು ಈ ಕಾವನ್ನೂ ಸಹಿಸಿದರಂತೆ. ಗಫಾರ್ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ನಾನು ಬಿರಿಯಾನಿ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಬೋರಮ್ಮನಿಗೆ ಮೂರು ವರ್ಷ ಹಾಗಾಗುತ್ತಿತ್ತು ಎಂದು ಇವತ್ತು ಗೊತ್ತಾಯಿತು.

ಮನೆಗೆ ಬಂದ ಮೇಲೆ ಅವಳಿಗೆ ಹೇಳಿದೆ, ಆ ಮಾತ್ರೆ ಬಿಪಿಯದ್ದಲ್ಲ ಎಂದು. ಎಲ್ಲವನ್ನೂ ಹೇಳಿದೆ.  "ಗಫಾರಣ್ಣಂಗೆ ಹೇಳಿದ್ದೀರಾ?" ಎಂದಷ್ಟೇ ಕೇಳಿದಳು.

ಮೇ 15, ಗುರುವಾರ

ಇಂಜೆಕ್ಷನ್ನಿಗೆ ರೋಗ ಬಗ್ಗುತ್ತಿಲ್ಲ. ಬೆನ್ನುಮೂಳೆಗೂ ಬಂದಿದೆ. ಬೇರೆ ಔಷಧಿ ಶುರು ಮಾಡುತ್ತಾರೆ.

ಆಸ್ಪತ್ರೆಯಲ್ಲಿ ಗಫಾರ್, ಮನೆಯವರೆಲ್ಲ ಹೊರಗಿದ್ದಾಗ ನಾನು ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಕೇಳಿದೆ. "ಸಾರ್, ಮೂರು ವರ್ಷದ ಹಿಂದೆ ಇವನು ರಕ್ತ ಕೊಟ್ಟಿದ್ದಿದ್ದರೆ ಸಿಕ್ಕುತ್ತಿತ್ತಾ?"

"ಗ್ಯಾರಂಟಿ ಹೇಳೋಕಾಗಲ್ಲ. ಆ ಪರೀಕ್ಷೆ ಎಲ್ಲವನ್ನೂ ಹಿಡಿಯಲ್ಲ. ಹಿಡಿದದ್ದೆಲ್ಲ ಅಪಾಯದ್ದೂ ಆಗಿರಲ್ಲ. ಆದರೆ ಇವರದ್ದು ಸಿಕ್ಕಿದ್ದರೂ ಸಿಕ್ಕುತ್ತಿತ್ತು."

ಸಿಕ್ಕುತ್ತಿರಲಿಲ್ಲ ಎಂದಿದ್ದರೆ ಸಾಕಿತ್ತು. ಖಂಡಿತ ಸಿಕ್ಕುತ್ತಿತ್ತು ಎಂದಿದ್ದರೂ ಆಗುತ್ತಿತ್ತು.

ಮೇ 17, ಶನಿವಾರ

ಇವತ್ತು ಹೇಳಿದೆ. ರೋಶನ್ ಬೀ ಅಂಗಡಿಗೆ ಹೋಗಿದ್ದರು. ಗಫಾರ್ ಮಂಚದ ಮೇಲೆ ಮಲಗಿದ್ದ.

"ಗಫಾರ, ಆ ಕ್ಯಾಂಪಲ್ಲಿ ನಾನು..." ಅನ್ನುವಷ್ಟರಲ್ಲೇ ತಡೆದ.

"ಬುಡ್ಲಾ ಅದ್ನ. ನೀನ್ ಅಂದೆ, ನಾನ್ ನಕ್ಕೆ. ನೀನೇನ್ ಕೈ ಹಿಡ್ದು ಎಳ್ಕಂಡ್ ಬಂದ್ಯಾ? ವಾಪಸ್ ಹೋಗಿ ನಿಂತ್ಕಳಕ್ಕೆ ನಂಗೇ ಧೈರ್ಯ ಇರ್ನಿಲ್ಲ."

ಆ ಮಾತನ್ನು ಯಾವತ್ತೋ ಕ್ಷಮಿಸಿಬಿಟ್ಟಿದ್ದ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಅದಲ್ಲ. ನಾನ್ ಮಾಡಿಸ್ಕಂಡೆ. ಹದಿನೈದ್ ದಿನ ಆದ್ಮೇಲೆ, ಕದ್ದು ಹೋಗಿ."

ಛಾವಣಿ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. "ಮದ್ವೆಗೋಗಿದ್ದೆ ಅಂದ್ಯಲ್ಲ, ಅವತ್ತಾ?"

"ಹೂಂ."

"ಏನ್ ಬಂತು?"

"ಏನೂ ಇಲ್ಲ ಅಂತ ಬಂತು."

"ಒಳ್ಳೇದಾಯ್ತು" ಅಂದ. ನಿಜವಾಗಿಯೂ ಹಾಗೇ ಅಂದ, ಕುಹಕವಿರಲಿಲ್ಲ. ಆಮೇಲೆ ಕೇಳಿದ: "ನನ್ ಪಕ್ಕದಲ್ಲೇ ಕುಂತಿದ್ದಲ್ಲೋ ಮುನಿಯಾ. ಒಂದ್ ಮಾತು ಅನ್ನಕ್ಕೆ ಏನಾಗಿತ್ಲಾ?"

"ನಾಚ್ಕೆ ಆಯ್ತು ಕಣೋ."

ಅವನು ಗೋಡೆಯ ಕಡೆ ಮಗ್ಗುಲಾದ. "ಈಗ ಮನೆಗೋಗು" ಅಂದ.

ಮೇ 24, ಶನಿವಾರ

ಗಫಾರನಿಂದ ಫೋನಿಲ್ಲ.

ಮೇ 30, ಶುಕ್ರವಾರ

ಟೀ ಅಂಗಡಿಯವನು "ಸಾಬ್ರು ಹೆಂಗವ್ರೆ?" ಎಂದು ಕೇಳಿದ. ಪರವಾಗಿಲ್ಲ ಎಂದೆ. ನನಗೇನು ಗೊತ್ತು?

ಬೋರಮ್ಮ ದೊಡ್ಡಮಳೂರಿಗೆ ಹೋಗಿ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದಳು. ಅರ್ಚಕರು ನಕ್ಷತ್ರ ಕೇಳಿದರಂತೆ. ಗೊತ್ತಿಲ್ಲ, ಡ್ರೈವರ್ ಗಫಾರಣ್ಣ ಅಂತ ದೇವರಿಗೆ ಹೇಳಿ ಸಾಕು ಅಂದಳಂತೆ.

ಜೂನ್ 4, ಬುಧವಾರ

ಹದಿನೆಂಟು ದಿನ ಆದ ಮೇಲೆ ಕರೆಸಿದ. ಬಹಳ ಇಳಿದುಹೋಗಿದ್ದಾನೆ. ಸ್ಟೇರಿಂಗ್ ತಿರುಗಿಸುತ್ತಿದ್ದ ಆ ತೋಳುಗಳು ಈಗ ಜುಬ್ಬಾದ ತೋಳಿನೊಳಗೆ ಎಲ್ಲಿವೆ ಎಂದು ಹುಡುಕಬೇಕು. ರೋಶನ್ ಬೀ ಕುರ್ಚಿ ಹಾಕಿ ಒಳಗೆ ಹೋದರು.

"ಸಮದ್‌ಗೆ ಐವತ್ತಾರು" ಅಂದ. ಸಮದ್ ಅವನ ತಮ್ಮ, ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುತ್ತಾನೆ. "ಅಣ್ಣಂಗೆ ಬಂದ್ರೆ ತಮ್ಮನೂ ನೋಡಿಸ್ಕಬೇಕು ಅಂದ್ರಲ್ಲ ಡಾಕ್ಟ್ರು. ನಾನ್ ಹೇಳಿದ್ರೆ ಅಳ್ತಾನೆ, ಇಲ್ಲಾಂದ್ರೆ ನಗ್ತಾನೆ. ನೀನ್ ಕರ್ಕಂಡೋಗು."

"ಆಯ್ತು."

"ನಂಗೆ ಹೇಳ್ನಿಲ್ಲ ನೀನು. ಅವ್ನಿಗಾದ್ರೂ ಹೇಳು."

ಆಮೇಲೆ ಒಂದು ಗಂಟೆ ಕೂತಿದ್ದೆ. ಮಾಗಡಿ ರೋಡು ಅಗಲ ಮಾಡಿದ್ದಾರಾ ಎಂದು ಕೇಳಿದ. ಹೂಂ ಎಂದೆ.

ಜುಲೈ 9, ಬುಧವಾರ

ಚನ್ನಪಟ್ಟಣಕ್ಕೆ ಹೋಗಿದ್ದೆ. ಸಮದ್ ತಿರುಗುವ ಮರದ ತುಂಡಿಗೆ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದು ಬಣ್ಣ ಏರಿಸುತ್ತಿದ್ದ. ಜೊತೆಗೆ ಕೆಲಸದವರು ಇಬ್ಬರಿದ್ದರು. ನಾನು ತಗ್ಗಿದ ದನಿಯಲ್ಲಿ ವಿಷಯ ಹೇಳಿದೆ.

"ನಂಗೇನಾಗೈತೆ ಮುನಿಯಣ್ಣ? ಕುದುರೆ ಇದ್ದಂಗಿವ್ನಿ" ಅಂದ, ಗಟ್ಟಿಯಾಗಿ. ಕೆಲಸದವರು ನಕ್ಕರು. "ಆ ಟೆಸ್ಟಿಗೆ ಹೋದ್ರೆ ನಮ್ಮನೇಲಿ ಏನಂದ್ಕತ್ತಾರೆ? ಸಂಬಂಧಿಕ್ರು ಏನಂತಾರೆ? ಇನ್ನೊಂದ್ ಮಾತು ಹೇಳ್ಲಾ? ಡಾಕ್ಟ್ರು ಆ ರೋಗನ ಕೆದಕದೆ ಇದ್ದಿದ್ರೆ ನಮ್ಮಣ್ಣ ಇನ್ನೂ ಓಡಾಡ್ಕಂಡಿರ್ತಿದ್ದ."

ಆ ಇಬ್ಬರ ಮುಂದೆ ನನ್ನ ಕಥೆ ಹೇಳಲು ಆಗಲಿಲ್ಲ. ವಾಪಸ್ ಬಂದೆ.

ಆಗಸ್ಟ್ 12, ಮಂಗಳವಾರ

ಗಫಾರನಿಗೆ ಕಾಲುಗಳಲ್ಲಿ ಸ್ವಾಧೀನವಿಲ್ಲ. ಒಂದಕ್ಕೂ ನಳಿಗೆ ಹಾಕಿದ್ದಾರೆ. ಮಾತು ಬಿಟ್ಟು ಬಿಟ್ಟು ಬರುತ್ತದೆ.

"ಸಮದ್?" ಅಂದ.

"ಹೋದ್ ವಾರ ಕರ್ಕಂಡೋಗಿದ್ದೆ" ಅಂದೆ.

"ಏನೂ ಇಲ್ವಂತಾ?"

"ಏನೂ ಇಲ್ವಂತೆ ಕಣೋ."

ಕಣ್ಣು ಮುಚ್ಚಿದ. ನನ್ನ ಕೈ ಹಿಡಿದ. ಮೇ ತಿಂಗಳಿಂದ ಈಚೆಗೆ ಇದೇ ಮೊದಲು.

ಆಗಸ್ಟ್ 20, ಬುಧವಾರ

ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ ಗಫಾರ್ ಹೋದ.

ಸಂಜೆಯ ಅಸರ್ ನಮಾಜಿನ ನಂತರ ಮಣ್ಣು. ನನಗೂ ಹೆಗಲು ಕೊಡಲು ಬಿಟ್ಟರು. ಡಿಪೋದಿಂದ ಡ್ರೈವರುಗಳು ಖಾಕಿಯಲ್ಲೇ ಬಂದಿದ್ದರು. ಮೂರು ಹಿಡಿ ಮಣ್ಣು ಹಾಕಿದೆ. ಮೂರನೆಯದು ಕೈಯಿಂದ ಪೂರ್ತಿ ಬೀಳಲಿಲ್ಲ, ಒದ್ದೆ ಮಣ್ಣು, ಅಂಗೈಗೆ ಅಂಟಿಕೊಂಡಿತು. ಸಮದ್ ಚಿಕ್ಕ ಮಗುವಿನ ಹಾಗೆ ಅತ್ತ.

ಹೊರಗೆ ಬರುವಾಗ ಡ್ರೈವರ್ ಲೋಕೇಶ್, "ಏನಾಗಿತ್ತಂತೆ?" ಎಂದು ಪಕ್ಕದವನನ್ನು ಕೇಳಿದ. "ಸೊಂಟ ನೋವಂತೆ" ಅಂದ ಅವನು.

"ಪ್ರಾಸ್ಟೇಟ್ ಕ್ಯಾನ್ಸರ್" ಅಂದೆ.

ಇಬ್ಬರೂ ನನ್ನ ಮುಖ ನೋಡಿದರು.  ಮನೆಗೆ ಬಂದು ಸ್ನಾನ ಮಾಡಿದೆ. ಬೋರಮ್ಮ ಗಂಜಿ ಕೊಟ್ಟಳು. 

ಸೆಪ್ಟೆಂಬರ್ 28, ಭಾನುವಾರ

ನಲವತ್ತನೇ ದಿನದ ಊಟ. ಸಮದ್‌ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿ ಮುಗಿಸಿದೆ. ಕ್ಯಾಂಪಿನಲ್ಲಿ ಕೂಗಿದ್ದು, ಗಫಾರ್ ಸಾಲು ಬಿಟ್ಟು ಬಂದದ್ದು, ನಾನು ಕದ್ದು ಪರೀಕ್ಷೆ ಮಾಡಿಸಿಕೊಂಡದ್ದು. ಕೊನೆಯಲ್ಲಿ ಅವನ ಹೆಸರಿನಲ್ಲಿ ಅಣ್ಣನಿಗೆ ಹೇಳಿದ ಸುಳ್ಳನ್ನೂ.

ಮೊದಲಿನದೆಲ್ಲ ಸುಮ್ಮನೆ ಕೇಳಿದ. ಕೊನೆಯದಕ್ಕೆ ನನ್ನ ಅಂಗಿ ಹಿಡಿದ.

"ಸಾಯೋನ ಮುಂದೆ ನನ್ ಹೆಸರಲ್ಲಿ ಸುಳ್ಳು ಹೇಳಿದ್ರಾ? ನಮ್ಮಣ್ಣ ಅದ್ನ ನಂಬ್ಕಂಡು ಹೋದ್ನಾ?"

"ಹೂಂ ಸಮದ್. ನಂಬ್ಕಂಡೇ ಹೋದ."

ತಳ್ಳಿದ. ಗೋಡೆಗೆ ಹೋಗಿ ಬಿದ್ದೆ. ಅವನು ಊಟ ಮಾಡದೆ ಹೊರಟುಹೋದ. ಮೊಣಕೈ ತರಚಿದೆ, ಅಷ್ಟೇ.

ಅಕ್ಟೋಬರ್ 6, ಸೋಮವಾರ

ಸಮದ್ ಫೋನ್ ಮಾಡಿದ್ದ. "ನಾಳೆ ಬತ್ತೀನಿ. ನಿಮಗೋಸ್ಕರ ಅಲ್ಲ. ನಮ್ಮಣ್ಣ ಕೇಳಿಸ್ಕಂಡು ಹೋದ ಮಾತು ಸುಳ್ಳಾಗಬಾರ್ದು."

ಅಕ್ಟೋಬರ್ 7, ಮಂಗಳವಾರ

ಬಸ್ಸಿನಲ್ಲಿ ಸಮದ್ ಬೇರೆ ಸೀಟಿನಲ್ಲಿ ಕೂತಿದ್ದ. ಆಸ್ಪತ್ರೆ ಕೌಂಟರಿನಲ್ಲಿದ್ದ ಹುಡುಗಿ ಯಾವ ಟೆಸ್ಟು ಎಂದು ಕೇಳಿದಳು. ಅವನು ನೆಲ ನೋಡಿದ. ಗಾಜಿನ ಆಚೆ ಅವಳಿಗೆ ಕೇಳಿಸುವುದಿಲ್ಲ ಎಂದು ನಾನೇ ಗಟ್ಟಿಯಾಗಿ ಹೇಳಿದೆ: "ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟ್ ತಾಯಿ. ಇವರ ಅಣ್ಣ ಅದ್ರಲ್ಲೇ ಹೋದ್ರು."

ಹಿಂದೆ ನಿಂತಿದ್ದ ಒಬ್ಬರು, ಕನಕಪುರದ ಕಡೆಯ ರೈತರು, ಮೆಲ್ಲಗೆ ಕೇಳಿದರು. "ನಂಗೂ ಐವತ್ತೆಂಟು. ಅಲ್ಲಿ ಅದೇನೋ ಬೆರಳು ಹಾಕ್ತಾರಂತಲ್ಲ?"

"ಮೊದ್ಲು ರಕ್ತ ತಗೋತಾರೆ. ಬೇಕಾದ್ರೆ ಬೆರಳು ಹಾಕಿನೂ ನೋಡ್ತಾರೆ. ನಂಗೂ ನೋಡಿದ್ರು. ಒಂದು ನಿಮಿಷ. ಡಾಕ್ಟ್ರ ಹತ್ರ ಕೂತು ಕೇಳಿ, ನಿಮಗೆ ಬೇಕೋ ಬೇಡ್ವೋ ಅಂತ ಅವರೇ ಹೇಳ್ತಾರೆ" ಎಂದೆ.

ಬರುವಾಗ ಬಿಡದಿಯ ಹತ್ತಿರ ಜೋರು ಮಳೆ. ಸಮದ್ ನನ್ನ ಪಕ್ಕಕ್ಕೆ ಬಂದು ಕೂತ. ಅವನ ಕಿಟಕಿ ಸೋರುತ್ತಿತ್ತು.

ಅಕ್ಟೋಬರ್ 13, ಸೋಮವಾರ

ರಕ್ತದಲ್ಲಿ ಒಸಿ ಹೆಚ್ಚು ತೋರಿಸಿದೆ. ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಸ್ಕ್ಯಾನ್ ಆಗಬೇಕು. ಆಮೇಲೆ ಸೂಜಿಯಲ್ಲಿ ಚೂರು ತೆಗೆದು ನೋಡಬೇಕು.

ನವೆಂಬರ್ 3, ಸೋಮವಾರ

ಕ್ಯಾನ್ಸರ್ ಇದೆ. ಗ್ರಂಥಿಯ ಒಳಗೇ ಇದೆ, ಹೊರಗೆ ಎಲ್ಲೂ ಹೋಗಿಲ್ಲ. ಆಪರೇಷನ್ ಮಾಡಿ ತೆಗೆಯಬಹುದು, ಪೂರ್ತಿ ಗುಣವಾಗುವ ಅವಕಾಶ ಚೆನ್ನಾಗಿದೆ ಎಂದರು. ಗಫಾರನಿಗೆ ಚಿತ್ರ ಬರೆದು ತೋರಿಸಿದ ಅದೇ ಡಾಕ್ಟರು.

"ಸರಿಯಾದ ಸಮಯಕ್ಕೆ ಬಂದಿದ್ದೀರಿ" ಅಂದರು.

ಸಮದ್ ಮೆಟ್ಟಿಲ ಮೇಲೆ ಕೂತುಬಿಟ್ಟ. "ಅಣ್ಣಂಗೆ ಹೇಳಿದ್ದು ಸುಳ್ಳೇ ಆಯ್ತಲ್ಲ ಮುನಿಯಣ್ಣ" ಅಂದ. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು. ಜನ ಪಕ್ಕಕ್ಕೆ ಸರಿದು ಇಳಿದು ಹೋಗುತ್ತಿದ್ದರು.

ನವೆಂಬರ್ 5, ಬುಧವಾರ

ರೋಶನ್ ಬೀಗೆ ಸಮದ್ ವಿಷಯ ತಿಳಿಸಲು ಹೋಗಿದ್ದೆ. ಮತ್ತೆ ನೂಲಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಆಗತಾನೇ ಬಂದಿದ್ದರು. ಬೆರಳ ತುದಿಗಳೆಲ್ಲ ನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು. ಅಂಗಳದಲ್ಲೇ ನಿಂತು ಕೇಳಿಸಿಕೊಂಡರು. ಗುಣವಾಗುತ್ತದೆ ಎಂದಾಗ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು.

"ಭಾಭಿ, ಇನ್ನೊಂದು ಮಾತಿದೆ. ಗಫಾರನಿಗೂ ಹಿಂಗೇ ಸಮಯಕ್ಕೆ ಸರಿಯಾಗಿ..." ಎಂದು ಶುರು ಮಾಡಿದೆ.

"ಗೊತ್ತು ಮುನಿಯಣ್ಣ."

ನಾನು ನಿಲ್ಲಿಸಿದೆ.

"ನೀವು ಹೇಳಿದ ದಿನ ಸಾಯಂಕಾಲವೇ ಅವರು ನಂಗೆ ಹೇಳಿದ್ರು. ನಾನು ಆಗಲೇ ನಿಮ್ಮನೆ ಬಾಗಿಲಿಗೆ ಬಂದು ಕೇಳ್ತೀನಿ ಅಂತ ಚಪ್ಪಲಿ ಹಾಕ್ಕೊಂಡಿದ್ದೆ. ಅವರು ಬಿಡ್ಲಿಲ್ಲ. ಅವ್ನು ಬಂದ್ರೆ ಕೂರ್ಸು, ಚಾ ಕೊಡು, ನಾನಿರೋ ತನಕ ಅವ್ನಿಗೆ ಏನೂ ಅನ್ಬೇಡ ಅಂದ್ರು. ನಾನು ಅನ್ಲಿಲ್ಲ. ಕೂರ್ಸಿದೆ, ಚಾ ಕೊಟ್ಟೆ."

ರೋಶನ್ ಬೀ ಸುಕ್ಕಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. 

"ಈಗ ಅವರಿಲ್ಲ" ಅಂದರು. "ನಂಗೆ ಬೈಯೋಕೂ ಆಗ್ತಿಲ್ಲ ಮುನಿಯಣ್ಣ. ಬೈದ್ರೆ ಅವರಿಗೆ ನೋವಾಗುತ್ತೆ ಅನ್ಸುತ್ತೆ. ಸಮದ್‌ದು ಆಪರೇಷನ್ ಯಾವತ್ತು?"

"ಹದಿನೇಳಕ್ಕೆ."

"ಅವನ ಹೆಂಡ್ತಿ ಒಬ್ಬಳಿಗೇ ಆಗಲ್ಲ. ನೀವು ಜೊತೇಲಿರಿ."

ಇರುತ್ತೇನೆ ಎಂದೆ. ಅವರು ಒಳಗೆ ಹೋದರು. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಮೊದಲ ಸಲ ನನಗೆ ಯಾರೂ ಕೂರಿ ಎನ್ನಲಿಲ್ಲ. ಒಸಿ ಹೊತ್ತು ಅಂಗಳದಲ್ಲಿ ನಿಂತಿದ್ದು, ನಡೆದುಕೊಂಡು ಮನೆಗೆ ಬಂದೆ.